ಗೋಧಿ ಬೆಳೆಯುವ ಮಂಗೋಲಿಯಾ

ಮಂಗೋಲಿಯಾಕ್ಕೆ ಹೋಗುವ ಪ್ರವಾಸಿಗಳಲ್ಲಿ ಹೆಚ್ಚಿನವರು ದಕ್ಷಿಣದ ಗೋಬಿ ಮರುಭೂಮಿಯನ್ನೋ ಉತ್ತರದ ಖುವ್ಸ್‌ಗುಲ್ ಸರೋವರವನ್ನೋ ಅರಸಿ ಹೋಗುತ್ತಾರೆ. ರಷ್ಯಾದ ಗಡಿಗೆ ಒತ್ತಿಕೊಂಡಿರುವ ಸೆಲೆಂಗೆ ಎಂಬ ಐಮಗ್, ಅಂದರೆ ಪ್ರಾಂತ್ಯವು, ಅವರ ಪಾಲಿಗೆ ಗಡಿ ತಪಾಸಣೆಗಾಗಿ ರೈಲು ಬಹಳ ಹೊತ್ತು ನಿಲ್ಲುವ ಸುಖ್‌ಬಾತರ್ ಎಂಬ ನಿಲ್ದಾಣವಷ್ಟೇ ಆಗಿ ಉಳಿಯುತ್ತದೆ. ಕುದುರೆ, ಹುಲ್ಲುಗಾವಲು ಮತ್ತು ಗೆರ್ ಎಂದು ಕರೆಯಲಾಗುವ ಉಣ್ಣೆಗಂಬಳಿಯ ದುಂಡು ಬಿಡಾರ, ಇವಿಷ್ಟನ್ನೇ ಮಂಗೋಲಿಯಾ ಎಂದು ಬಗೆದು ಬಂದವರಿಗೆ ದಿಗಂತದವರೆಗೆ ಹಬ್ಬಿದ ಗೋಧಿಯ ಹೊಲ ನಿರಾಸೆ ತರುವುದು ಸಹಜವೇ. ಆದರೆ ಆ ದೇಶ ಕಳೆದ ಶತಮಾನದಲ್ಲಿ ಹೇಗೆ ಬದಲಾಯಿತೆಂದು ತಿಳಿಯಬಯಸುವವರಿಗೆ ಗೋಬಿಗಿಂತ ಸೆಲೆಂಗೆಯಲ್ಲಿ ಕಾಣಸಿಗುವುದು ಹೆಚ್ಚು.

ಇಲ್ಲಿನ ದೊಡ್ಡ ಪ್ರಮಾಣದ ಬೇಸಾಯ ರೈತರ ಮನೆತನಗಳಿಂದ ಹುಟ್ಟಿದ್ದಲ್ಲ, ಸರ್ಕಾರದ ಆಜ್ಞೆಯಿಂದ ಹುಟ್ಟಿದ್ದು. ಸೋವಿಯತ್ ಮಾದರಿಯನ್ನು ಅನುಸರಿಸಿ 1959ರಲ್ಲಿ ಆರಂಭವಾದ ‘ಅತರ್’ ಎಂಬ ಆಂದೋಲನ, ಅಂದರೆ ನೇಗಿಲು ಕಾಣದ ನೆಲವನ್ನು ಒಡೆದು ಸಾಗುವಳಿಗೆ ತರುವ ಕಾರ್ಯಕ್ರಮ, ಓರ್ಖೋನ್ ಮತ್ತು ಸೆಲೆಂಗೆ ನದಿಗಳ ಕಣಿವೆಗಳನ್ನು ಸರ್ಕಾರಿ ಕೃಷಿಕ್ಷೇತ್ರಗಳನ್ನಾಗಿ ಮಾರ್ಪಡಿಸಿತು. 1990ರ ನಂತರ ಸಮಾಜವಾದಿ ವ್ಯವಸ್ಥೆ ಕುಸಿದಾಗ ಆ ಕ್ಷೇತ್ರಗಳೂ ಕುಸಿದು, ಉತ್ತ ನೆಲದ ಬಹುಪಾಲು ಬೀಳುಬಿದ್ದು, ಹಿಟ್ಟಿಗಾಗಿ ದೇಶ ಹೊರಗಿನವರತ್ತ ಕೈಚಾಚಬೇಕಾಯಿತು. 2008ರಲ್ಲಿ ಮೂರನೆಯ ಅತರ್ ಘೋಷಣೆಯಾದ ಮೇಲೆ ಟ್ರ್ಯಾಕ್ಟರುಗಳು ಮರಳಿದವು, ಜೊತೆಗೆ ಹಳೆಯ ಜಗಳವೂ ಮರಳಿತು: ಹಿಂಡುಗಳು ಎಲ್ಲಿ ಬೇಕಾದರೂ ಮೇಯುವುದು ರೂಢಿಯಾಗಿರುವ ನಾಡಿನಲ್ಲಿ ಬೆಳೆಗೆ ಬೇಲಿ ಹಾಕಬೇಕಾದವರು ಯಾರು, ದನಕರುಗಳನ್ನು ತಡೆಯಬೇಕಾದವರು ಯಾರು ಎಂಬ ತಕರಾರು ಇನ್ನೂ ಬಗೆಹರಿದಿಲ್ಲ.

ಕಾಡಿನ ಕಥೆಯೂ ಇದಕ್ಕೆ ಹೊರತಲ್ಲ. ಗಡಿಯ ಅಲ್ತನ್‌ಬುಲಗ್ ಊರಿನ ಬಳಿಯ ತುಜಿನ್ ನರ್ಸ್ ಎಂಬ ಪೈನ್ ಅರಣ್ಯವು ತೊಂಬತ್ತರ ದಶಕದಲ್ಲಿ ಕೊಡಲಿಗೂ ಕಾಳ್ಗಿಚ್ಚಿಗೂ ಸಿಕ್ಕಿ ಬೋಳಾದ ಬಳಿಕ, 2002ರಲ್ಲಿ ಸಂರಕ್ಷಿತ ಪ್ರದೇಶವಾಗಿ, ದಕ್ಷಿಣ ಕೊರಿಯಾದ ನೆರವಿನಿಂದ ಮತ್ತೆ ನೆಡಲ್ಪಟ್ಟಿತು. ಸಾಲುಹಿಡಿದು ಬೆಳೆದ ಎಳೆಯ ಮರಗಳು ಇದು ನೆಟ್ಟ ಕಾಡೆಂಬುದನ್ನು ಮುಚ್ಚಿಡುವುದಿಲ್ಲ. ಸುಖ್‌ಬಾತರ್‌ನಿಂದ ಅನತಿ ದೂರದಲ್ಲಿ ‘ಏಜ್ ಮೊದ್’, ಅಂದರೆ ತಾಯಿಮರ, ಎಂದು ಪೂಜೆಗೊಳ್ಳುವ ಪೈನ್ ಮರಕ್ಕೆ ಖದಗ್ ಎಂಬ ನೀಲಿ ರೇಷ್ಮೆಯ ಪೂಜಾವಸ್ತ್ರಗಳನ್ನು ಸುತ್ತಿ, ಹಾಲು ಚಿಮುಕಿಸಿ, ಒತ್ತಿ ಇಟ್ಟಿಗೆ ಮಾಡಿದ ಚಹಾವನ್ನು ಹರಕೆಯಾಗಿ ಪೇರಿಸುವವರಿದ್ದಾರೆ. ಇಂಥ ಚಹಾ ಒಂಟೆಯ ಬೆನ್ನೇರಿ ರಷ್ಯಾಕ್ಕೆ ಹೋಗುತ್ತಿದ್ದುದು ಇದೇ ಗಡಿಯ ಕ್ಯಾಖ್ತಾದ ಮೂಲಕ, ರಷ್ಯಾ ಮತ್ತು ಚೀನಾ ನಡುವಿನ 1727ರ ಒಪ್ಪಂದದ ಫಲವಾಗಿ.

ಅದೇ ಕಾಲದಲ್ಲಿ ಚೀನಾವನ್ನು ಆಳುತ್ತಿದ್ದ ಮಂಚು ಚಕ್ರವರ್ತಿಗಳು, ಮಂಗೋಲರ ಮೊದಲ ಧರ್ಮಗುರುವೂ ಮಹಾಶಿಲ್ಪಿಯೂ ಆಗಿದ್ದ ಜನಬಜರ್‌ನ ನೆನಪಿಗೆ ಕಟ್ಟಿಸಿ 1736ರಲ್ಲಿ ಪೂರ್ಣಗೊಳಿಸಿದ, ಸೆಲೆಂಗೆಯಲ್ಲೇ ಇರುವ ಅಮರ್‌ಬಯಸ್ಗಲಂತ್ ಬೌದ್ಧ ವಿಹಾರವು, ಸಮಾಜವಾದಿ ಸರ್ಕಾರದ 1937ರ ದಮನದಲ್ಲಿ ಭಿಕ್ಷುಗಳನ್ನೂ ಕೆಲವು ಗುಡಿಗಳನ್ನೂ ಕಳೆದುಕೊಂಡರೂ ಮುಖ್ಯ ಕಟ್ಟಡಗಳನ್ನು ಉಳಿಸಿಕೊಂಡಿದೆ. ಆ ದಮನದಿಂದ ಕಡಿದುಹೋದ ಬೌದ್ಧ ವಿದ್ಯೆಯನ್ನು ಮರಳಿ ಕಲಿಯಲು ಮಂಗೋಲಿಯಾದ ಭಿಕ್ಷುಗಳು ಬರುವ ಮುಖ್ಯ ಕೇಂದ್ರಗಳಲ್ಲಿ ಉತ್ತರ ಕನ್ನಡದ ಮುಂಡಗೋಡಿನ ದ್ರೆಪುಂಗ್ ಗೋಮಂಗ್ ವಿದ್ಯಾಪೀಠವೂ ಒಂದೆಂಬುದು ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ತಿಳಿದಿರಲಾರದು.

ವಿದೇಶೀಯರು ಜುಲೈನ ನಾದಮ್ ಕ್ರೀಡೋತ್ಸವಕ್ಕೆ ನೆರೆಯುವಾಗ ಇಲ್ಲಿನ ಗೋಧಿ ಇನ್ನೂ ಹಸಿರಾಗಿರುತ್ತದೆ. ಮೇ ತಿಂಗಳಲ್ಲಿ ಬಿತ್ತಿದ ಬೆಳೆಯನ್ನು ಹಿಮ ಬೀಳುವ ಮೊದಲೇ ಒಳತರಬೇಕಾದ ಧಾವಂತ ಸೆಪ್ಟೆಂಬರಿನದು. ಸೆಲೆಂಗೆಯನ್ನು ನೋಡಬೇಕಾದದ್ದು ಆಗಲೇ, ಗಡಿವಲಯದೊಳಕ್ಕೆ ಹೋಗುವುದಿದ್ದರೆ ಬೇಕಾಗುವ ಅನುಮತಿಪತ್ರವನ್ನು ಮುಂಚಿತವಾಗಿ ಪಡೆದುಕೊಂಡು.