ಆದೇಶ ಹೋಯಿತು, ಕಾನೂನು ಬರಲಿಲ್ಲ: ಜೂಡಿ ಚು ಅವರ ದಾರಿಯಿಂದ ಕಲಿಯುವುದೇನು?

2025ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 12 ದೇಶಗಳ ಪ್ರಜೆಗಳಿಗೆ ಪೂರ್ತಿಯಾಗಿ, ಇನ್ನೂ 7 ದೇಶಗಳವರಿಗೆ ಭಾಗಶಃ ಬಾಗಿಲು ಮುಚ್ಚಿದರು. 2017ರ 'ಮುಸ್ಲಿಂ ನಿಷೇಧ'ವನ್ನು ಬೈಡನ್ 2021ರ ಜನವರಿಯಲ್ಲೇ ತೆಗೆದಿದ್ದರಲ್ಲ, ಮತ್ತೆ ಹೇಗೆ ಬಂತು? ಭಾರತ ಆ ಪಟ್ಟಿಯಲ್ಲಿಲ್ಲ, ನಿಜ. ಆದರೆ ವೀಸಾ ಎಂಬ ಒಂದು ಕಾಗದದ ಮೇಲೆ ಮನೆಯ ಖರ್ಚು, ಮಕ್ಕಳ ಫೀಸು, ತಂಗಿಯ ಮದುವೆ ಎಲ್ಲವೂ ನಿಂತಿರುವ ಕರಾವಳಿಯವರಾದ ನಾವು ಈ ಪ್ರಶ್ನೆ ಕೇಳಲೇಬೇಕು.

ಉತ್ತರ ಬೇಕಿದ್ದರೆ ಜೂಡಿ ಚು ಎಂಬವರ ರಾಜಕೀಯ ಬದುಕನ್ನು ನೋಡಬೇಕು. ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಚೀನೀ ಮೂಲದ ಇವರು ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದು, ಸುಮಾರು 20 ವರ್ಷ ಅಲ್ಲಿನ ಸಮುದಾಯ ಕಾಲೇಜುಗಳಲ್ಲಿ ಪಾಠ ಹೇಳಿದವರು. ರಾಜಕೀಯಕ್ಕೆ ಬಂದದ್ದು 1985ರಲ್ಲಿ, ಒಂದು ಶಾಲಾ ಮಂಡಳಿಯ ಮೂಲಕ. ನಮ್ಮಲ್ಲಾದರೆ 'ಅದೇನು ದೊಡ್ಡ ಹುದ್ದೆಯಾ' ಅಂತಾರೆ!

ಆ ಹೊತ್ತಿಗೆ ಅವರ ಊರು ಮಾಂಟೆರಿ ಪಾರ್ಕ್‌ನಲ್ಲಿ ಏಷ್ಯಾದಿಂದ ಬಂದವರ ಸಂಖ್ಯೆ ಏರುತ್ತಿತ್ತು. ಅಂಗಡಿಗಳ ಚೀನೀ ನಾಮಫಲಕಗಳ ಮೇಲೆ ಕೆಲವರ ಕಣ್ಣು ಕೆಂಪಾಗಿತ್ತು. 1986ರಲ್ಲಿ ನಗರಸಭೆ ಇಂಗ್ಲಿಷೇ ಅಧಿಕೃತ ಭಾಷೆಯಾಗಬೇಕೆಂಬ ನಿರ್ಣಯ ಪಾಸು ಮಾಡಿತು. ಚೀನೀಯರು ಒಬ್ಬರೇ ಬೀದಿಗಿಳಿದಿದ್ದರೆ ಅದು 'ಅವರ ಗಲಾಟೆ' ಎನಿಸುತ್ತಿತ್ತು. ಹಾಗಾಗಲಿಲ್ಲ. ಲ್ಯಾಟಿನೋ, ಜಪಾನೀ ಮೂಲದವರು, ಬಿಳಿಯರು ಎಲ್ಲರೂ ಸೇರಿದ ವೇದಿಕೆಯಲ್ಲಿ ಚು ನಿಂತರು. ಕೆಲವೇ ತಿಂಗಳಲ್ಲಿ ನಿರ್ಣಯ ವಾಪಸಾಯಿತು. 1988ರಲ್ಲಿ ಚು ಅದೇ ನಗರಸಭೆಗೆ ಗೆದ್ದು ಬಂದರು, ಮೂರು ಸಲ ಮೇಯರ್ ಆದರು.

2001ರಿಂದ 2006ರವರೆಗೆ ಅವರು ಕ್ಯಾಲಿಫೋರ್ನಿಯಾದ ಶಾಸಕಿ. 2005ರ ಬೇಸಿಗೆಯಲ್ಲಿ ಹೊಲಗಳಲ್ಲಿ ಬಿಸಿಲಿಗೆ ಕೂಲಿಯವರು ಸತ್ತರು. ಬಿಸಿಲಿನಿಂದ ಕಾರ್ಮಿಕರಿಗೆ ರಕ್ಷಣೆ ಕೊಡುವ ಮಸೂದೆ ತಂದಿದ್ದವರು ಚು. ಸರಕಾರ ಅದೇ ವರ್ಷ ತುರ್ತು ನಿಯಮ ತಂದು, 2006ರಲ್ಲಿ ಅದನ್ನು ಕಾಯಂ ಮಾಡಿತು: ನೀರು, ನೆರಳು, ವಿಶ್ರಾಂತಿ ಕೊಡಲೇಬೇಕು. ಧಣಿಯ ದಯೆಯಿಂದ ಸಿಗುತ್ತಿದ್ದದ್ದು ಹಕ್ಕಾಯಿತು.

2009ರಲ್ಲಿ ಅವರು ಅಮೆರಿಕ ಸಂಸತ್ತಿಗೆ ಆಯ್ಕೆಯಾದ ಮೊದಲ ಚೀನೀ ಮೂಲದ ಮಹಿಳೆ. 1882ರ ಚೀನೀ ಬಹಿಷ್ಕಾರ ಕಾಯ್ದೆಗೆ ಪ್ರತಿನಿಧಿ ಸಭೆ ವಿಷಾದ ಸೂಚಿಸಿದ 2012ರ ನಿರ್ಣಯ ಅವರದೇ. ತನ್ನ ಜನರಿಗಾದ ಅನ್ಯಾಯ ಗೊತ್ತಿದ್ದವರು ಇನ್ನೊಬ್ಬರಿಗೆ ಆಗುವಾಗ ಸುಮ್ಮನಿರಲಿಲ್ಲ. ಟ್ರಂಪ್ ನಿಷೇಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ 5-4ರಿಂದ ಎತ್ತಿಹಿಡಿದ ಮೇಲೆ ಅವರು 'ನೋ ಬ್ಯಾನ್' ಮಸೂದೆ ಮಂಡಿಸಿದರು.

ಅದರಲ್ಲಿರುವುದು ಎರಡು ಮಾತು. ವೀಸಾದಲ್ಲಿ ಧರ್ಮದ ಆಧಾರದಲ್ಲಿ ಭೇದ ಮಾಡಬಾರದು. ಅಧ್ಯಕ್ಷರು ಪ್ರವೇಶ ತಡೆಯಬಹುದು, ಆದರೆ ನಿರ್ದಿಷ್ಟ ಆಧಾರ ತೋರಿಸಿ ಸಂಸತ್ತಿಗೆ ಲೆಕ್ಕ ಕೊಡಬೇಕು. ಭದ್ರತೆಗೆ ಕೈ ಕಟ್ಟಿದಂತಾಗುತ್ತದೆ ಎಂಬುದು ವಿರೋಧಿಗಳ ವಾದ. ಅಧಿಕಾರ ಕಿತ್ತುಕೊಳ್ಳುವುದು ಬೇರೆ, ಕಾರಣ ಕೇಳುವುದು ಬೇರೆ ಅಲ್ವಾ? 2025ರ ಪಟ್ಟಿಯಲ್ಲಿ ಹೈಟಿ, ಮ್ಯಾನ್ಮಾರ್ ಕೂಡ ಇವೆ. ಹಾಗಾಗಿ ಈ ಎರಡನೇ ಮಾತಿಗೇ ಈಗ ಹೆಚ್ಚು ತೂಕ.

ಪ್ರತಿನಿಧಿ ಸಭೆ ಮಸೂದೆಯನ್ನು 2020ರಲ್ಲಿ ಒಮ್ಮೆ, 2021ರ ಏಪ್ರಿಲ್‌ನಲ್ಲಿ 218-208ರಿಂದ ಮತ್ತೊಮ್ಮೆ ಪಾಸು ಮಾಡಿತು. ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ. ನಿಷೇಧ ಹೋಗಿಯಾಗಿದೆ, ಇನ್ನೇನು ಅವಸರ ಎಂದು ಹಲವರಿಗೆ ಅನಿಸಿದ ಕಾಲ ಅದು. ಒಬ್ಬರ ಸಹಿಯಿಂದ ಹೋದದ್ದು ಇನ್ನೊಬ್ಬರ ಸಹಿಯಿಂದ ಬಂತು.

ನಮಗಿಲ್ಲಿ ಎರಡು ಪಾಠ. ಶಾಲಾ ಸಮಿತಿ, ಪಂಚಾಯತ್ ಎಂದು ಮೂಗು ಮುರಿಯದೆ ನಮ್ಮ ಓದಿದ ಹೆಣ್ಣುಮಕ್ಕಳು ಅಲ್ಲಿಂದಲೇ ಶುರು ಮಾಡಲಿ. ಇನ್ನು, ಯಾವುದೋ ಸುತ್ತೋಲೆ ವಾಪಸಾಯಿತೆಂದು ಸಿಹಿ ಹಂಚುವ ಮೊದಲು ಕೇಳೋಣ: ಹೋದದ್ದು ಆದೇಶ ಮಾತ್ರವಾ, ಕಾನೂನೂ ಬದಲಾಗಿದೆಯಾ?