ಗುಡ್ಡ ಹತ್ತಿದ ಕಾಲೇಜು ಮತ್ತು ಇಳಿಯದ ಅಧಿಕಾರಿಗಳು

2020ರ ಮಾರ್ಚ್ 13ರಂದು ರಾಜ್ಯ ಸರ್ಕಾರ ಸಿನಿಮಾ ಮಂದಿರ, ಮಾಲು, ಕಾಲೇಜು ಎಲ್ಲಕ್ಕೂ ಒಂದು ವಾರ ಬೀಗ ಎಂದು ಸಾರಿತು. ವಾರ ಎಂದದ್ದು ಎಂಟು ತಿಂಗಳಾಯಿತು. ಪದವಿ ಕಾಲೇಜಿನ ಬಾಗಿಲು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಅದಕ್ಕೆ ಮೊದಲು, ಸೆಪ್ಟೆಂಬರ್ 1ರಿಂದ ಆನ್‌ಲೈನ್ ಪಾಠ ಶುರು ಅಂತ ಆದೇಶ ಬಂತು. 2021ರ ಏಪ್ರಿಲ್ ಕೊನೆಗೆ ಮತ್ತೆ ಬೀಗ, ಮತ್ತೆ ಆನ್‌ಲೈನ್.

ಆದೇಶ ಹೊರಡಿಸಲು ಒಂದು ಹಾಳೆ ಸಾಕು. ಆದರೆ ಬೆಂಗಳೂರಿನ ಹಾಳೆ ಹೊಸನಗರದ ಒಂಟಿ ಮನೆಗೆ ಪಾಠವಾಗಿ ತಲುಪಬೇಕಾದರೆ ಕರೆಂಟು ಬೇಕು, ಟವರು ಬೇಕು, ಫೋನು ಬೇಕು, ಫೋನಿಗೆ ದುಡ್ಡು ಬೇಕು. ಇದನ್ನೆಲ್ಲ ಎಣಿಸಿದವರು ಯಾರು?

ಲೆಕ್ಕ ಇರಲಿಲ್ಲ ಎನ್ನುವಂತಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯೇ ಹೇಳಿತ್ತು: ದೇಶದ ಹಳ್ಳಿಗಳಲ್ಲಿ ನೂರು ಮನೆಗೆ ಸುಮಾರು 15ರಲ್ಲಿ ಮಾತ್ರ ಇಂಟರ್‌ನೆಟ್ ಸೌಲಭ್ಯ, ಕಂಪ್ಯೂಟರ್ ಇದ್ದದ್ದು ಐದಕ್ಕೂ ಕಡಿಮೆ ಮನೆಯಲ್ಲಿ. ಸರ್ಕಾರದ ಲೆಕ್ಕ ಸರ್ಕಾರದ ಬೀರುವಿನಲ್ಲೇ ಇತ್ತು. ತೆಗೆದು ಓದುವ ಪುರಸೊತ್ತು ಯಾರಿಗೂ ಇರಲಿಲ್ಲ ಅಷ್ಟೆ.

ಫಲ ಏನಾಯಿತೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ನಾಡಿಗೆಲ್ಲ ಬೆಳಕು ಕೊಟ್ಟ ಶರಾವತಿಯ ಹಿನ್ನೀರಿನ ದಂಡೆಯಲ್ಲೇ ಸಿಗ್ನಲ್ ಇಲ್ಲ! ಮಳೆಗಾಲದಲ್ಲಿ ಮರ ಬಿದ್ದರೆ ಲೈನ್ ಹೋಯಿತು. ಲೈನ್ ಹೋದರೆ ಕೆಲವು ಗಂಟೆಯಲ್ಲಿ ಟವರಿನ ಬ್ಯಾಟರಿಯೂ ಹೋಯಿತು. ಮನೆಗೊಂದೇ ಫೋನು ಇದ್ದರೆ ಅದು ಮೊದಲು ಅಪ್ಪನ ಜೇಬಿಗೆ, ಆಮೇಲೆ ಮಗನ ಕೈಗೆ. ಮಗಳ ಸರದಿ ಬರುವ ಹೊತ್ತಿಗೆ ತರಗತಿ ಮುಗಿದಿರುತ್ತಿತ್ತು. ಹಾಜರಾತಿ ಪುಸ್ತಕದಲ್ಲಿ ಅವಳು ಗೈರುಹಾಜರು. ತಪ್ಪು ಯಾರದ್ದು ಸ್ವಾಮಿ?

ಇನ್ನು ಮೇಷ್ಟ್ರುಗಳ ಪಾಡು. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತವರನ್ನು ಏಕಾಏಕಿ ಫೋನಿನ ಮುಂದೆ ಕೂರಿಸಲಾಯಿತು. ಎದುರಿಗೆ ಮುಖಗಳಿಲ್ಲ, ಬರೀ ಹೆಸರುಗಳು. "ಕೇಳಿಸ್ತಾ ಇದೆಯಾ?" ಎನ್ನುವುದರಲ್ಲೇ ಅರ್ಧ ಪೀರಿಯಡ್ಡು. ವಿಜ್ಞಾನದ ಮಕ್ಕಳು ಪಿಪೆಟ್ಟು ಮುಟ್ಟದೆ ಪ್ರಯೋಗ "ನೋಡಿದರು". ಅತಿಥಿ ಉಪನ್ಯಾಸಕರದ್ದು ಇನ್ನೂ ಕಷ್ಟ. ಹೆಸರಿಗೆ ಅತಿಥಿಗಳು, ತರಗತಿ ನಿಂತರೆ ಊಟವೇ ನಿಲ್ಲುವ ಅತಿಥಿಗಳು. ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಹೊರೆ ಇವರ ಹೆಗಲ ಮೇಲಿದೆ. ಅವರ ಡೇಟಾ ಖರ್ಚನ್ನು ಕೊಡುವವರು ಯಾರೆಂದು ಆದೇಶದ ಹಾಳೆಯಲ್ಲಿ ಬರೆದಿರಲಿಲ್ಲ.

ಪಾಠ ಹೇಗೇ ಆಗಲಿ, ಪರೀಕ್ಷೆ ತಪ್ಪಲಿಲ್ಲ. ಅಂತಿಮ ವರ್ಷದವರಿಗೆ ಪರೀಕ್ಷೆ ಇಲ್ಲದೆ ಪದವಿ ಇಲ್ಲವೆಂದು 2020ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯವೇ. ಆದರೆ ಅರ್ಧ ಕೇಳಿಸಿದ ಪಾಠಕ್ಕೆ ಪೂರ್ತಿ ಪರೀಕ್ಷೆ ಬರೆದವರ ಕಷ್ಟವನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ.

ಮುಗಿದ ಕಥೆ ಈಗೇಕೆ ಎಂದು ಕೆಲವರು ಕೇಳಬಹುದು. ಮುಗಿದಿಲ್ಲ, ಅದಕ್ಕೆ. ಹೊಸ ರೋಗ ಎಂದರೇನೆಂದು ಈ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದೂ ಅಲ್ಲದೆ, ಸೆಮಿಸ್ಟರಿನ ಕೋರ್ಸುಗಳಲ್ಲಿ ನೂರಕ್ಕೆ 40ರವರೆಗೆ 'ಸ್ವಯಂ' ಮೂಲಕ ಆನ್‌ಲೈನಿನಲ್ಲೇ ಮಾಡಬಹುದೆಂದು ಯುಜಿಸಿ 2021ರಲ್ಲಿ ನಿಯಮ ಮಾಡಿದೆ. ಅಂದರೆ ಇದು ಆಪತ್ಕಾಲದ ಮಾತು ಮಾತ್ರವಲ್ಲ.

ಹಾಗಾದರೆ ತಯಾರಿ ಎಂದರೇನು? ದೊಡ್ಡ ಟೆಂಡರು ಕರೆಯುವುದಲ್ಲ. ಒಂದು ಗಂಟೆ ನೇರ ವಿಡಿಯೋ ಪಾಠ ನೂರಾರು ಎಂ.ಬಿ. ನುಂಗುತ್ತದೆ. ಅದೇ ಪಾಠದ ಧ್ವನಿಮುದ್ರಣ 30 ಎಂ.ಬಿ. ಒಳಗೆ ಮುಗಿಯುತ್ತದೆ, ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡು ರಾತ್ರಿ ಕೇಳಬಹುದು. ಪ್ರತಿ ಕಾಲೇಜೂ ಸೇರ್ಪಡೆ ದಿನವೇ ಯಾರ ಮನೆಯಲ್ಲಿ ಫೋನಿದೆ, ಯಾರ ಊರಲ್ಲಿ ಟವರಿದೆ ಎಂದು ಬರೆದಿಟ್ಟುಕೊಳ್ಳಲಿ. ಇಲ್ಲದವರಿಗೆ ಅಚ್ಚಾದ ನೋಟ್ಸು ಅಂಚೆಯಲ್ಲಿ ಹೋಗಲಿ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿ ಲಕೋಟೆಯಲ್ಲಿ ಪಾಠ ಕಳಿಸಿದ ನಾಡಿದು. ಭದ್ರಾವತಿಯಲ್ಲಿ ಆಕಾಶವಾಣಿ ಇದೆ. ದಿನಕ್ಕೊಂದು ಗಂಟೆ ಪದವಿ ಪಾಠಕ್ಕೆ ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಮೇಷ್ಟ್ರುಗಳಿಗೆ ವರ್ಷಕ್ಕೊಂದು ವಾರ ತರಬೇತಿ, ಅತಿಥಿಗಳಿಗೆ ಡೇಟಾ ಭತ್ಯೆ, ಒಂದು ದಿನ ಎಲ್ಲರೂ ಮನೆಯಿಂದಲೇ ಕಲಿಯುವ ತಾಲೀಮು. ಬೆಂಕಿ ಬೀಳುವ ಮೊದಲೇ ಬಾವಿ ತೋಡುವುದು ಎಂದರೆ ಇಷ್ಟೇ.

ಕುವೆಂಪು ವಿಶ್ವವಿದ್ಯಾನಿಲಯ ಶಂಕರಘಟ್ಟದಲ್ಲಿದೆ. ಅದರ ಮಕ್ಕಳು ಘಟ್ಟದ ಮೂಲೆಮೂಲೆಯಲ್ಲಿದ್ದಾರೆ. ಮುಂದಿನ ಬೀಗಕ್ಕೆ ಮೊದಲು ಸಿಂಡಿಕೇಟು, ಜಿಲ್ಲಾಡಳಿತ, ಶಾಸಕರು ಒಂದು ಮೇಜಿನ ಸುತ್ತ ಕೂತು ಈ ಲೆಕ್ಕ ಹಾಕುವರೋ, ಅಥವಾ ಮಕ್ಕಳನ್ನೇ ಮತ್ತೆ ಗುಡ್ಡ ಹತ್ತಿಸುವರೋ? ಉತ್ತರ ಕಾಗದದಲ್ಲಿ ಬೇಡ, ಕೆಲಸದಲ್ಲಿ ಬರಲಿ.