ಅದಿರು ಯಾರದು, ಊರು ಯಾರದು?

2025ರ ಏಪ್ರಿಲ್ 4ರ ಸಂಜೆ ಉಕ್ರೇನಿನ ಕ್ರಿವಿ ರಿಹ್ ಎಂಬ ಊರಿನಲ್ಲಿ, ಜನವಸತಿಯ ನಡುವೆ, ಮಕ್ಕಳು ಆಡುವ ಬಯಲಿನ ಮಗ್ಗುಲಲ್ಲೇ ರಷ್ಯದ ಕ್ಷಿಪಣಿಯೊಂದು ಸಿಡಿಯಿತು. ಸತ್ತವರು 20 ಮಂದಿ. ಅವರಲ್ಲಿ 9 ಮಂದಿ ಮಕ್ಕಳು. ಅಲ್ಲಿ ಸೇನಾಧಿಕಾರಿಗಳ ಸಭೆ ನಡೆಯುತ್ತಿದ್ದಿತೆಂದು ಮಾಸ್ಕೋ ಸಮಜಾಯಿಷಿ ಕೊಟ್ಟಿತು. ಸಭೆಗೆ ಬಂದ ಅಧಿಕಾರಿಗಳು ಉಯ್ಯಾಲೆ ಆಡುತ್ತಿದ್ದರೇನು?

ಈ ಊರಿನ ಸುದ್ದಿ ನಮ್ಮ ಕಡೆಗೆ ಬರುವಾಗಲೆಲ್ಲ ‘ಅಧ್ಯಕ್ಷ ಜೆಲೆನ್‌ಸ್ಕಿಯವರ ಹುಟ್ಟೂರು’ ಎಂಬ ಬಾಲವೊಂದನ್ನು ಹೊತ್ತು ಬರುತ್ತದೆ. ಅವರು 1978ರಲ್ಲಿ ಅಲ್ಲಿ ಹುಟ್ಟಿದ್ದು ನಿಜ. ಆದರೆ ಅಧ್ಯಕ್ಷರೊಬ್ಬರು ಹುಟ್ಟಿದ್ದರಿಂದ ಆ ಊರು ದೊಡ್ಡದಾದದ್ದಲ್ಲ. ಆರು ಲಕ್ಷ ಜನ ಅದಿರಿನ ಮೇಲೆ ಬದುಕಿದ ಊರು ಅದು. ನೂರ ನಲವತ್ತು ವರ್ಷಗಳಿಂದ ಅಲ್ಲಿ ಎದ್ದಿರುವ ಪ್ರಶ್ನೆ ಒಂದೇ: ನೆಲದಡಿಯ ಸಂಪತ್ತು ಯಾರದು? ಗಿರಣಿಯಲ್ಲಿ ದುಡಿಯುವ ನಮ್ಮ ಓದುಗರಿಗೂ, ಆ ದುಡಿಮೆಯ ಸಂಬಳ ಕೈಗೆ ಬಂದ ದಿನ ಮಾತ್ರ ವ್ಯಾಪಾರ ಕಾಣುವ ಅಂಗಡಿಕಾರ ಮಿತ್ರರಿಗೂ ಈ ಊರಿನ ಕಥೆ ತಿಳಿದಿರಬೇಕೆಂದು ನಾವು ಬಗೆಯುತ್ತೇವೆ.

ಕ್ರಿವಿ ರಿಹ್ ಎಂದರೆ ಸೊಟ್ಟ ಕೊಂಬು. ಇಂಗುಲೆತ್ಸ್, ಸಕ್ಸಹಾನ್ ಎಂಬ ಎರಡು ಹೊಳೆಗಳು ಕೂಡುವಲ್ಲಿ ನೆಲ ಕೊಂಬಿನಂತೆ ಬಾಗಿರುವುದರಿಂದ ಈ ಹೆಸರು ಎನ್ನುತ್ತಾರೆ. ಸೊಟ್ಟಗಿದ್ದ ಒಬ್ಬ ಕೊಸಾಕನ ಹೆಸರೆಂದೂ ಕಥೆಯಿದೆ. ರಷ್ಯನರ ಬಾಯಲ್ಲಿ ಅದು ಕ್ರಿವೊಯ್ ರೋಗ್. ಕನ್ನಡದ ಕಿವಿಗೆ ಅಪಶಕುನದಂತೆ ಕೇಳಿಸೀತು! 1775ರಲ್ಲಿ ಅಲ್ಲಿದ್ದುದು ಅಂಚೆಯ ಕುದುರೆ ಬದಲಿಸುವ ಒಂದು ತಂಗುಠಾಣೆ ಮಾತ್ರ. ಮುಂದೆ ಊರು ಬೆಳೆದದ್ದು ಗಣಿ ಹೋದ ದಿಕ್ಕಿಗೆ. ಅದಿರಿನ ಪಟ್ಟಿ ಉದ್ದಕ್ಕೆ ಹರಿದಿರುವುದರಿಂದ ಊರೂ ಹಗ್ಗದಂತೆ ಉದ್ದವಾಯಿತು. 126 ಕಿಲೋಮೀಟರ್ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ನೇರವಾಗಿ ಅಳೆದರೆ ಅದರ ಅರ್ಧದಷ್ಟು ಸಿಕ್ಕೀತು. ಅರ್ಧವಾದರೂ ಸಾಮಾನ್ಯವಲ್ಲ. ಅಲ್ಲಿನ ಧೂಳು ಕೆಂಪು. ಹೊಸಪೇಟೆ, ಸಂಡೂರಿನ ರಸ್ತೆಗಳನ್ನು ಕಂಡವರಿಗೆ ಆ ಬಣ್ಣವನ್ನು ವರ್ಣಿಸಿ ಹೇಳಬೇಕಾಗಿಲ್ಲ.

ಈ ಅದಿರಿಗೆ ಮೊದಲ ಯಜಮಾನ ಅಲೆಕ್ಸಾಂಡರ್ ಪೋಲ್ ಎಂಬ ಜಮೀನುದಾರ. ಹಳೆಯ ಕಾಲದ ವಸ್ತುಗಳನ್ನು ಹುಡುಕುವ ಹವ್ಯಾಸದವನಾಗಿದ್ದ ಆತ ಅದಿರನ್ನು ಕಂಡು, ರೈತ ಸಮುದಾಯದಿಂದ ಭೂಮಿಯನ್ನು ದೀರ್ಘ ಗುತ್ತಿಗೆಗೆ ಪಡೆದ. ಸ್ವದೇಶದಲ್ಲಿ ಹಣ ಹುಟ್ಟದೆ ಪ್ಯಾರಿಸ್ಸಿಗೆ ಹೋದ. 1880ರಲ್ಲಿ ಫ್ರೆಂಚ್ ಕಂಪನಿ ಹುಟ್ಟಿತು. ಮರುವರ್ಷ ಗಣಿ ತೆರೆಯಿತು. 1884ರಲ್ಲಿ ರೈಲುದಾರಿ ಬಂದು, ಪೂರ್ವದ ದೊನ್ಬಾಸಿನ ಕಲ್ಲಿದ್ದಲನ್ನೂ ಇಲ್ಲಿನ ಅದಿರನ್ನೂ ಒಂದುಗೂಡಿಸಿತು. ತ್ಸಾರನ ಸಾಮ್ರಾಜ್ಯದ ಉಕ್ಕಿನ ಉದ್ಯಮ ಈ ಎರಡು ಹೊರೆಗಳ ಮೇಲೆ ಎದ್ದುನಿಂತಿತು. ನೆಲ ರೈತನದು, ರಟ್ಟೆ ಕೂಲಿಯವನದು, ಲಾಭಾಂಶ ಪ್ಯಾರಿಸ್ಸಿನದು.

ಕ್ರಾಂತಿಯಾಯಿತು, ಗಣಿಗಳು ಜನತೆಯ ಸ್ವತ್ತೆಂದು ಸಾರಲಾಯಿತು. 1931ರಲ್ಲಿ ಕ್ರಿವೊರಿಝ್‌ಸ್ತಾಲ್ ಎಂಬ ಭಾರಿ ಉಕ್ಕಿನ ಕಾರ್ಖಾನೆಯ ಕೆಲಸ ಮೊದಲಾಯಿತು. 1934ರ ಆಗಸ್ಟಿನಲ್ಲಿ ಮೊದಲ ಊದುಕುಲುಮೆಗೆ ಬೆಂಕಿ ಬಿತ್ತು. ಈ ಎರಡು ವರ್ಷಗಳ ನಡುವೆ ಏನಿತ್ತೆಂಬುದನ್ನು ಹೇಳದೆ ಮುಂದೆ ಹೋಗುವುದು ಸಮಾಜವಾದಿಗಳಿಗೆ ಒಪ್ಪುವ ಮಾತಲ್ಲ. 1932-33ರಲ್ಲಿ ಸ್ಟಾಲಿನನ ಸರಕಾರ ಉಕ್ರೇನಿನ ಹಳ್ಳಿಗಳಿಂದ ಧಾನ್ಯವನ್ನು ಬಲವಂತದಿಂದ ಎತ್ತಿತು. ಲಕ್ಷಾಂತರ ರೈತರು ಹಸಿದು ಸತ್ತರು. ಕಾರ್ಖಾನೆಯ ಚಿಮಣಿ ಏರುತ್ತಿದ್ದ ಕಾಲದಲ್ಲಿ ಸುತ್ತಲ ಹಳ್ಳಿಯ ಒಲೆಗಳು ಆರುತ್ತಿದ್ದವು. ಸ್ವತ್ತು ಜನತೆಯದೆಂದು ಬರೆದ ಕಾಗದದಿಂದಲೇ ಅದು ಜನತೆಯದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಸಾಕ್ಷ್ಯ ಬೇಕಿಲ್ಲ.

1941ರ ಆಗಸ್ಟಿನಲ್ಲಿ ಜರ್ಮನರು ಬಂದರು. 1944ರ ಫೆಬ್ರವರಿ 22ರಂದು ಊರು ಬಿಡುಗಡೆಯಾಯಿತು. ಹಾಳಾದುದನ್ನು ಕಟ್ಟಿದವರೂ ದುಡಿಯುವವರೇ. 1974ರಲ್ಲಿ ಅಲ್ಲಿ ಎದ್ದ ಒಂಬತ್ತನೆಯ ಊದುಕುಲುಮೆ 5,000 ಘನಮೀಟರಿನದು; ಆ ಹೊತ್ತಿಗೆ ಜಗತ್ತಿನಲ್ಲೇ ದೊಡ್ಡದು. ಇದು ಹೆಮ್ಮೆಯ ಕೆಲಸವೇ ಸರಿ. ಆದರೆ 1963ರ ಜೂನಿನಲ್ಲಿ, ಪೊಲೀಸರು ಒಬ್ಬ ಸೈನಿಕನನ್ನು ಹೊಡೆದರೆಂದು ರೊಚ್ಚಿಗೆದ್ದ ಜನ ಠಾಣೆಗೆ ನುಗ್ಗಿದಾಗ, ಕಾರ್ಮಿಕರ ರಾಜ್ಯವೆನಿಸಿದ ರಾಜ್ಯ ಕಾರ್ಮಿಕರ ಊರಿನಲ್ಲಿ ಗುಂಡು ಹಾರಿಸಿತು. ಜನ ಸತ್ತರು. ಆ ಸುದ್ದಿಯನ್ನು ಬಹುಕಾಲ ಯಾವ ಪತ್ರಿಕೆಯೂ ಅಚ್ಚುಮಾಡಲಿಲ್ಲ.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದ ಮೇಲಿನ ಕಥೆಯನ್ನು ಅಂಗಡಿಕಾರ ಮಿತ್ರರು ಗಮನವಿಟ್ಟು ಓದಬೇಕು, ಏಕೆಂದರೆ ಇದು ಬೆಲೆ ಕಟ್ಟುವ ಕಥೆ. 2004ರಲ್ಲಿ ಅಂದಿನ ಅಧ್ಯಕ್ಷ ಕುಚ್ಮಾರ ಸರಕಾರ ಕ್ರಿವೊರಿಝ್‌ಸ್ತಾಲನ್ನು ಮಾರಲು ಹೊರಟಿತು. ಉಕ್ರೇನಿನೊಳಗೇ ಕೋಕ್ ತಯಾರಿಸಿದವರು ಮಾತ್ರ ಕೊಳ್ಳಬಹುದೆಂಬ ಷರತ್ತು ಹಾಕಿ, ಹೊರಗಿನವರನ್ನು ಹೊರಗೇ ನಿಲ್ಲಿಸಲಾಯಿತು. ಹೆಚ್ಚು ಕೊಡುತ್ತೇವೆಂದು ಬಂದವರಿಗೆ ಅವಕಾಶವಿಲ್ಲ. ಕಾರ್ಖಾನೆ 426 ಕೋಟಿ ಹ್ರಿವ್ನಿಯಾಕ್ಕೆ, ಎಂದರೆ ಸುಮಾರು 80 ಕೋಟಿ ಡಾಲರಿಗೆ, ಇಬ್ಬರು ಶ್ರೀಮಂತರ ಕೂಟಕ್ಕೆ ಹೋಯಿತು. ಅವರಲ್ಲಿ ಒಬ್ಬರು ರಿನಾತ್ ಅಖ್ಮೇತೊವ್; ಇನ್ನೊಬ್ಬರು ವಿಕ್ತರ್ ಪಿನ್‌ಚುಕ್, ಅಧ್ಯಕ್ಷರ ಅಳಿಯ. ಮಾವನ ಸರಕಾರ ಮಾರಿದ್ದು, ಅಳಿಯ ಕೊಂಡದ್ದು!

ಅದೇ ವರ್ಷದ ಕೊನೆಗೆ ಜನ ಬೀದಿಗಿಳಿದರು, ಸರಕಾರ ಬದಲಾಯಿತು, ನ್ಯಾಯಾಲಯದಲ್ಲಿ ಮಾರಾಟ ರದ್ದಾಯಿತು. 2005ರ ಅಕ್ಟೋಬರ್ 24ರಂದು ದೂರದರ್ಶನದ ಮುಂದೆ, ಎಲ್ಲರ ಕಣ್ಣೆದುರಿಗೆ ಮರುಹರಾಜು ನಡೆಯಿತು. ಬಂದ ಬೆಲೆ 2,420 ಕೋಟಿ ಹ್ರಿವ್ನಿಯಾ, ಸುಮಾರು 480 ಕೋಟಿ ಡಾಲರ್. ಅದೇ ಕಾರ್ಖಾನೆ, ಅದೇ ಕುಲುಮೆ. ಒಂದೂವರೆ ವರ್ಷದೊಳಗೆ ಬೆಲೆ ಹತ್ತಿರ ಹತ್ತಿರ ಆರು ಪಟ್ಟು. ಸಂತೆಯಲ್ಲಿ ಯಾವನಾದರೂ ಇಂಥ ತೂಕ ಹಾಕಿದ್ದರೆ ಗಿರಾಕಿಗಳು ತಕ್ಕಡಿಯನ್ನು ಕಿತ್ತೆಸೆಯುತ್ತಿದ್ದರು. ಖಾಸಗಿಯವರಿಗೆ ಕೊಟ್ಟರೆ ದಕ್ಷತೆ ಬರುತ್ತದೆ ಎಂದು ಎಲ್ಲ ದೇಶಗಳಲ್ಲೂ ಹೇಳುವವರಿದ್ದಾರೆ. ಮೊದಲು ಸಾರ್ವಜನಿಕರ ಸ್ವತ್ತಿನ ಬೆಲೆಯನ್ನು ಎಷ್ಟೆಂದು ಬರೆದಿರಿ, ಯಾರ ಅಳಿಯನಿಗೆ ಬರೆದಿರಿ ಎಂಬ ಲೆಕ್ಕವನ್ನು ಅವರು ತೋರಿಸಲಿ.

ಮರುಹರಾಜಿನಲ್ಲಿ ಗೆದ್ದುದು ರಾಜಸ್ಥಾನದಲ್ಲಿ ಹುಟ್ಟಿದ ಲಕ್ಷ್ಮೀ ಮಿತ್ತಲರ ಕಂಪನಿ. ಭಾರತೀಯನ ಗೆಲುವೆಂದು ನಾವು ಬೀಗಬೇಕಾದ್ದಿಲ್ಲ. ಬಂಡವಳಕ್ಕೆ ಹುಟ್ಟೂರಿಲ್ಲ; ಇದ್ದರೂ ಅದು ಅಲ್ಲಿ ನಿಲ್ಲುವುದಿಲ್ಲ. ಮಾರಾಟದ ಕಾಲಕ್ಕೆ 50 ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಟ್ಟಿದ್ದ ಆ ಕಾರ್ಖಾನೆಯಲ್ಲಿ, ಮುಂದಿನ ಯುದ್ಧಕ್ಕೆ ಮೊದಲೇ ಕೆಲಸಗಾರರ ಸಂಖ್ಯೆ ಅರ್ಧದಷ್ಟಕ್ಕೆ ಇಳಿದಿದ್ದಿತು. ಇದೇ ಕಂಪನಿಯ ಹೆಸರನ್ನು ನಮ್ಮ ಬಳ್ಳಾರಿ ಜಿಲ್ಲೆಯ ಕುಡತಿನಿಯ ರೈತರೂ ಬಲ್ಲರು. 2010ರಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುವುದಾಗಿ ಒಪ್ಪಂದವಾಯಿತು, ಅದಕ್ಕಾಗಿ ಜಮೀನು ಸ್ವಾಧೀನವಾಯಿತು, ಕಾರ್ಖಾನೆ ಏಳಲಿಲ್ಲ, 2022ರ ಡಿಸೆಂಬರಿನಿಂದ ರೈತರು ಧರಣಿ ಕೂತರು. ಅಲ್ಲಿ ಕುಲುಮೆಯಿದ್ದು ಕೆಲಸ ಹೋಯಿತು, ಇಲ್ಲಿ ಹೊಲ ಹೋಗಿ ಕುಲುಮೆ ಬರಲಿಲ್ಲ.

ಕ್ರಿವಿ ರಿಹ್‌ನ ಜನ ಸುಮ್ಮನೆ ಸಹಿಸುವವರಲ್ಲ. 2017ರಲ್ಲಿ ಗಣಿಯವರೂ ಉಕ್ಕಿನವರೂ ತಿಂಗಳಿಗೆ ಸಾವಿರ ಯೂರೋ ಸಂಬಳ ಬೇಕೆಂದು ಎದ್ದರು. 2020ರ ಸೆಪ್ಟೆಂಬರ್ 3ರಂದು ಕಬ್ಬಿಣದ ಗಣಿಯ ಕಾರ್ಮಿಕರು ಪಾಳಿ ಮುಗಿದ ಮೇಲೆ ಮೇಲಕ್ಕೆ ಬರಲಿಲ್ಲ. ಸಂಬಳ ಏರಬೇಕು, ಅಪಾಯದ ಕೆಲಸಗಳ ಪಟ್ಟಿಯಿಂದ ತಮ್ಮನ್ನು ಕೈಬಿಟ್ಟು ಪಿಂಚಣಿ ಕತ್ತರಿಸಬಾರದು ಎಂಬುದು ಅವರ ಬೇಡಿಕೆ. ಅಲ್ಲಿನ ಗಣಿಗಳು 1,300 ಮೀಟರಿಗೂ ಆಳಕ್ಕಿಳಿದಿವೆ. ಆ ಕತ್ತಲೆಯಲ್ಲಿ ಕೆಲವರು 43 ದಿನ ಕೂತರು. ಬಿಸಿಲು ಕಾಣದೆ 43 ದಿನ! ಗೇಟಿನ ಮುಂದೆ ಎರಡು ದಿನ ಕೂತು ಬೇಸತ್ತು ಮನೆಗೆ ಹೋದ ನಮ್ಮ ಕೆಲವು ಮಿತ್ರರು ಈ ಅಂಕಿಯನ್ನು ನೆನಪಿಡಲಿ. ನಾವೂ ಆ ಸಾಲಿನಲ್ಲಿ ಒಮ್ಮೆ ಇದ್ದವರೇ ಆದುದರಿಂದ ಈ ಮಾತು ನಮಗೂ ಅನ್ವಯಿಸುತ್ತದೆ. 2021ರ ಮೇ ತಿಂಗಳಿಂದ ಊರಿನ ನಿವಾಸಿಗಳಿಗೆ ಟ್ರಾಮು, ಬಸ್ಸುಗಳ ಪ್ರಯಾಣ ಉಚಿತವಾಯಿತು. ಅಷ್ಟು ಉದ್ದದ ಊರಿನಲ್ಲಿ ಪಾಳಿಗೆ ಹೋಗುವವನಿಗೆ ಅದು ಸಂಬಳ ಏರಿದಂತೆಯೇ.

2022ರ ಫೆಬ್ರವರಿಯಲ್ಲಿ ರಷ್ಯದ ಸೇನೆ ನುಗ್ಗಿತು. ಇದು ಮಾಸ್ಕೋ ಮತ್ತು ವಾಷಿಂಗ್ಟನ್ನಿನ ಜಗಳ, ನಮಗೇಕೆ ಎನ್ನುವವರು ನಮ್ಮ ಗೆಳೆಯರಲ್ಲೂ ಇದ್ದಾರೆ. ದೊಡ್ಡ ಶಕ್ತಿಗಳ ಲೆಕ್ಕಾಚಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕ್ರಿವಿ ರಿಹ್ ಮನೆಮಾತಾಗಿ ರಷ್ಯನ್ ಆಡುವವರು ತುಂಬಿದ್ದ ಊರು. ರಷ್ಯನ್ ಮಾತಿನವರನ್ನು ಕಾಪಾಡಲು ಬಂದೆವೆಂದವರನ್ನು ಆ ಊರು ಹೇಗೆ ಎದುರುಗೊಂಡಿತು? ಭಾರಿ ಯಂತ್ರಗಳನ್ನು ತಂದು ವಿಮಾನ ನಿಲ್ದಾಣದ ಓಡುದಾರಿಗೆ ಅಡ್ಡ ನಿಲ್ಲಿಸಿತು. ಮಾರ್ಚಿನಲ್ಲಿ ನಂದಿಸಿದ ಕುಲುಮೆಗಳಲ್ಲಿ ಒಂದಕ್ಕೆ ಏಪ್ರಿಲಿನಲ್ಲೇ ಮತ್ತೆ ಬೆಂಕಿ ಹಾಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಷಿಪಣಿಗಳು ಊರಿನ ಅಣೆಕಟ್ಟನ್ನು ಹೊಡೆದು ಇಂಗುಲೆತ್ಸ್ ಹೊಳೆ ಉಕ್ಕಿತು. 2023ರ ಜೂನ್ 6ರಂದು ಕಖೋವ್ಕಾ ಅಣೆಕಟ್ಟು ಒಡೆದಾಗ ಕಾಲುವೆಯ ಮೂಲವೇ ಬತ್ತಿತು. ಊರಿನ ಹೆಚ್ಚಿನ ನೀರು ಬರುತ್ತಿದ್ದುದು ಅಲ್ಲಿಂದ. ನೀರಿಲ್ಲದೆ ಉಕ್ಕೂ ಇಲ್ಲ, ಅಡುಗೆಯೂ ಇಲ್ಲ.

ಯುದ್ಧಕಾಲದ ಶಾಸನ ಅಲ್ಲಿ ಮುಷ್ಕರವನ್ನು ನಿಷೇಧಿಸಿತು. ಶತ್ರು ಬಾಗಿಲಲ್ಲಿರುವಾಗ ಮುಷ್ಕರ ಬೇಡವೆಂಬುದನ್ನು ಕಾರ್ಮಿಕನೇ ಅರಿಯಬಲ್ಲ. ಆದರೆ ಅದೇ 2022ರಲ್ಲಿ ಕೀವ್‌ನ ಸಂಸತ್ತು ಕೆಲಸಗಾರರ ರಕ್ಷಣೆಯ ಕಾನೂನುಗಳನ್ನೂ ಸಡಿಲಿಸಿತು. ಇದನ್ನು ನಾವು ಒಪ್ಪಲಾರೆವು. ಕಂದಕದಲ್ಲಿ ನಿಂತವನ ಬೆನ್ನ ಹಿಂದೆ ಅವನ ಕೆಲಸದ ಕರಾರನ್ನು ತಿದ್ದುವುದು ಯಾವ ದೇಶಭಕ್ತಿ?

2022ರ ಚಳಿಗಾಲದಲ್ಲಿ ವಿದ್ಯುತ್ ಕೇಂದ್ರಗಳ ಮೇಲೆ ಕ್ಷಿಪಣಿ ಬಿದ್ದು ದೀಪ ಹೋದಾಗ ಗಣಿಗಳ ಲಿಫ್ಟುಗಳೂ ನಿಂತವು. ನೂರಾರು ಕಾರ್ಮಿಕರು ನೆಲದಡಿಯಲ್ಲೇ ಸಿಕ್ಕಿಕೊಂಡರು. ಎರಡು ವರ್ಷಗಳ ಹಿಂದೆ ತಾವಾಗಿಯೇ ಮೇಲೆ ಬರಲೊಲ್ಲದೆ ಕೂತಿದ್ದವರ ಊರಿನಲ್ಲಿ, ಈ ಸಾರಿ ಮೇಲಿನವರು ಹೇಗೋ ವಿದ್ಯುತ್ ಹೊಂದಿಸಿ ಅವರನ್ನು ಎತ್ತಿ ತಂದರು.